ನೂರು ಸಿಸಿಯ ಮೂರು ಗಾಡಿ, ಎರಿ ಮಣ್ಣಿನ ಲೆಕ್ಕ

ಅಣ್ಣಿಗೇರಿ, ನವಲಗುಂದ, ರೋಣದ ಕಡೆ ಸ್ಪ್ಲೆಂಡರ್ ಅಂದರೆ ಇವತ್ತಿಗೂ ‘ಹೀರೋ ಹೋಂಡಾ’. ಆ ಎರಡು ಕಂಪನಿ ಬೇರೆಯಾಗುವ ತೀರ್ಮಾನವಾದದ್ದು 2010ರ ಡಿಸೆಂಬರಿನಲ್ಲಿ. “ನಮ್ಮಪ್ಪನ ಗಾಡಿ ಇಪ್ಪತ್ತು ವರ್ಷ ಓಡೇತಿ, ನನಗೂ ಅದ ಬೇಕು” ಎನ್ನುವವರು ಒಂದು ಮಾತು ಮರೆಯುತ್ತಾರೆ: ಅಪ್ಪನ ಗಾಡಿಯಲ್ಲಿದ್ದದ್ದು ಕಾರ್ಬ್ಯುರೇಟರ್, 2020ರಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂದ ಮೇಲೆ ಅದೇ ಹೆಸರಿನ ಗಾಡಿಯಲ್ಲಿರುವುದು ಫ್ಯೂಯೆಲ್ ಇಂಜೆಕ್ಷನ್. ಹೆಸರು ಅದೇ, ಕೆಡುವ ಜಾಗ ಬೇರೆ.

ಇಲ್ಲಿ ಹೋಲಿಸುವ ಮೂರು ಗಾಡಿಗಳಲ್ಲಿ ಹೀರೋ ಸ್ಪ್ಲೆಂಡರ್ ಪ್ಲಸ್ 97.2 ಸಿಸಿ, ತೂಕ 112 ಕೆ.ಜಿ. 2023ರಲ್ಲಿ ಬಂದ ಹೋಂಡಾ ಶೈನ್ 100 ಬರೀ 99 ಕೆ.ಜಿ. ಬಜಾಜ್ ಪ್ಲಾಟಿನಾ 100ಕ್ಕೆ 102 ಸಿಸಿ ಇಂಜಿನ್, 117 ಕೆ.ಜಿ. ಡಾಂಬರಿನ ಮೇಲೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಹೊಲದ ಬದು ದಾಟಿಸಲು ಇಳಿದು ತಳ್ಳುವಾಗ ಶೈನ್ ಹಗುರ. ಆದರೆ ಹಿಂದೆ 45 ಕೆ.ಜಿ.ಯ ಎರಡು ಯೂರಿಯಾ ಚೀಲ ಕಟ್ಟಿದರೆ ಆ ಹಗುರವೇ ತೊಂದರೆ, ಮುಂದಿನ ಗಾಲಿ ತೇಲಿದಂತಾಗಿ ಹ್ಯಾಂಡಲ್ ಅಲುಗುತ್ತದೆ. ಭಾರ ಹೊರುವವರಿಗೆ ಪ್ಲಾಟಿನಾ ವಾಸಿ.

ಅಸಲಿ ಪರೀಕ್ಷೆ ಮೊದಲ ಮಳೆಗೆ. ಎರಿ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ, ಐವತ್ತು ಹೆಜ್ಜೆಯೊಳಗೆ ಗಾಲಿ ಕಚ್ಚಿಕೊಳ್ಳುತ್ತದೆ. ಶೋರೂಮಿನಲ್ಲೇ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಬೆರಳು ತೂರಿಸಿ ನೋಡಿ. ಎರಡು ಬೆರಳು ಆರಾಮಾಗಿ ಹೋಗದಿದ್ದರೆ ಹೊಲಕ್ಕೆ ಒಯ್ಯುವಂಥ ಗಾಡಿಯಲ್ಲ. ಮಿಸ್ತ್ರಿಗಳು ವಾಷರ್ ಕೊಟ್ಟು ಮಡ್‌ಗಾರ್ಡ್ ಎತ್ತರಿಸಿ ಕೊಡುತ್ತಾರೆ, ಅದು ಸರಿ. ಪೂರ್ತಿ ಬಿಚ್ಚಿಸಿದರೆ ಕೆಸರು ಇಂಜಿನ್ನನ್ನು ತಂಪಾಗಿಡುವ ಫಿನ್ನುಗಳ ನಡುವೆ ತುಂಬಿ ಒಣಗುತ್ತದೆ. ಆಮೇಲೆ ಗಾಳಿ ಆಡದೆ ಇಂಜಿನ್ ಕಾಯುತ್ತದೆ. ಮುಂದಿನ ಗಾಲಿ ಹೊತ್ತ ಫೋರ್ಕಿನ ಎರಡು ಕಾಲು ಹಿಡಿದಿಡುವ ಪಟ್ಟಿ ಮಡ್‌ಗಾರ್ಡಿನ ಜೊತೆಗೇ ಇದ್ದರೆ ಅದೂ ಹೋಗುತ್ತದೆ.

ಟ್ರ್ಯಾಕ್ಟರ್ ಗಾಲಿಯ ಜಾಡಿನಲ್ಲಿ ಪ್ಲಾಟಿನಾದ 200 ಮಿ.ಮೀ. ನೆಲದೆತ್ತರ ಉಪಯೋಗಕ್ಕೆ ಬರುತ್ತದೆ. ಸ್ಪ್ಲೆಂಡರ್ 165, ಶೈನ್ 168, ಅವೆರಡರ ಹೊಟ್ಟೆ ಉಜ್ಜುತ್ತದೆ. ಆದರೆ ಪ್ಲಾಟಿನಾದ ಸೀಟೂ 807 ಮಿ.ಮೀ. ಎತ್ತರ. ಗಿಡ್ಡಗಿದ್ದವರಿಗೆ ಜಾರುವ ಕಡೆ ಕಾಲೂರುವುದು ಕಷ್ಟ. ಗುಂಡಿಗೆ ಮಾತ್ರ ಸ್ಪ್ಲೆಂಡರಿನ 18 ಇಂಚಿನ ಗಾಲಿಯೇ ಮೇಲು, ಉಳಿದ ಎರಡಕ್ಕೂ 17 ಇಂಚು.

ಇಂಜೆಕ್ಷನ್ ಗಾಡಿ ಯಾವ ಕಂಪನಿಯದಾದರೂ ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ಪೆಟ್ರೋಲ್ ಮುಚ್ಚಳದ ಸುತ್ತ ನೀರು ಹರಿದುಹೋಗಲು ಸಣ್ಣ ತೂತು ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಮಳೆನೀರು ಟ್ಯಾಂಕಿಗೆ ಇಳಿಯುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದಾಗ ಅದು ಎಥೆನಾಲ್ ಸಮೇತ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ಗಾಡಿ ಮಿಸ್ ಹೊಡೆಯುತ್ತದೆ. ತಿಂಗಳಿಗೊಮ್ಮೆ ಪಿನ್ನಿನಿಂದ ಆ ತೂತು ಬಿಡಿಸಿದರೆ ಸಾಕು. ಇಂಜೆಕ್ಷನ್ನಿಗೆ ಪೆಟ್ರೋಲ್ ದೂಡುವ ಪಂಪ್ ಟ್ಯಾಂಕಿನೊಳಗಿದ್ದರೆ ಅದನ್ನು ತಂಪಾಗಿಡುವುದೇ ಪೆಟ್ರೋಲ್, ಹಾಗಾಗಿ ರಿಸರ್ವ್ ಮೇಲೇ ದಿನ ತಳ್ಳಬೇಡಿ. ಶೈನ್ 100ರ ಪಂಪ್ ಟ್ಯಾಂಕಿನ ಹೊರಗಿದೆ, ಬಿಚ್ಚಲು ಸಲೀಸು. ಕೀ ತಿರುಗಿಸಿದಾಗ ಪಂಪಿನ ‘ಗುಂಯ್’ ಎಂಬ ಸದ್ದು ಎರಡು ಸೆಕೆಂಡ್ ಕೇಳಬೇಕು. ಕೇಳದಿದ್ದರೆ ಕಿಕ್ ಹೊಡೆದು ಕಾಲು ನೋಯಿಸಿಕೊಳ್ಳುವ ಮೊದಲು ಬ್ಯಾಟರಿ ನೋಡಿ. ನಿಂತ ಗಾಡಿಯಲ್ಲಿ 12.2 ವೋಲ್ಟಿಗಿಂತ ಕಡಿಮೆಯಿದ್ದರೆ ಚಾರ್ಜ್ ಹಾಕಿಸಬೇಕು. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ತುಂಬಿದರೂ ಚಾಲು ಆಗುವುದಿಲ್ಲ. ನೀರು ಹೊಡೆದು ತೊಳೆದರೆ ಸರಿಹೋಗುವ ಇದಕ್ಕೆ ಎಷ್ಟೋ ಜನ ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಬರುತ್ತಾರೆ!

ಮೈಲೇಜಿನ ಬಗ್ಗೆ ಯಾರ ಮಾತನ್ನೂ ನಂಬಬೇಡಿ. ಡಬಲ್ ಸ್ಟ್ಯಾಂಡ್ ಹಾಕಿ ಕುತ್ತಿಗೆವರೆಗೆ ತುಂಬಿಸಿ, 200 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 3.2 ಲೀಟರ್ ಹಿಡಿದರೆ ಲೀಟರಿಗೆ 62.5 ಕಿ.ಮೀ. ಡೀಲರ್ ಕೊಡುವ ಒಂದು ಸುತ್ತಿಗಿಂತ, ಬೀಗರದೋ ಗೆಳೆಯರದೋ ಮೂರು ವರ್ಷ ಓಡಿದ ಗಾಡಿಯನ್ನು ಇಬ್ಬರು ಕೂತು ನವಲೂರಿನ ಏರಿಗೆ ಹತ್ತಿಸಿ ನೋಡುವುದು ಒಳ್ಳೆಯದು.

ಹುಬ್ಬಳ್ಳಿ–ಧಾರವಾಡ ದಿನಾ ಓಡಾಡುವವರಿಗೆ ಶೈನ್, ಹೊಲದ ದಾರಿಗೆ ಪ್ಲಾಟಿನಾ. ಸ್ಪ್ಲೆಂಡರಿನ ಬಲ ಬಿಡಿಭಾಗದಲ್ಲಿ; ಬ್ರೇಕ್ ಶೂ, ಕ್ಲಚ್ ಕೇಬಲ್ ಹಳ್ಳಿಯಲ್ಲೂ ಸಿಗುತ್ತವೆ. ಇಂಜೆಕ್ಟರ್, ಸೆನ್ಸರ್‌ಗೆ ಆ ಮಾತು ಹೇಳಲಾಗದು. ಗಾಡಿ ಬುಕ್ ಮಾಡುವ ಮುನ್ನ ಊರ ಮಿಸ್ತ್ರಿಯ ಹತ್ತಿರ ಇಂಜೆಕ್ಷನ್ ದೋಷ ಓದುವ ಸ್ಕ್ಯಾನರ್ ಇದೆಯೋ ಇಲ್ಲವೋ ಕೇಳಿಕೊಂಡು ಬನ್ನಿ.