ದಿನಕ್ಕೆ ಎರಡು ಗ್ಲಾಸ್ ಸುಡುತ್ತಿದ್ದರೆ ಗ್ಲಾಸನ್ನು ಬೈಯಬೇಡಿ

ಲೋಹದ ಶೀಟ್ ಕಟ್ ಮಾಡುವ ಫೈಬರ್ ಲೇಸರ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು ಇದನ್ನು ಓದಿ. ತಗೊಳ್ಳುವ ಯೋಚನೆಯಲ್ಲಿ ಇರುವವರಂತೂ ಓದಲೇಬೇಕು. ನನ್ನ ಮೆಷಿನ್ ಹನ್ನೊಂದು ದಿನ ನಿಂತಿತ್ತು. ಲೇಸರ್ ಬೆಳಕನ್ನು ಶೀಟಿನ ಮೇಲೆ ಬಿಡುವ ಕಟ್ಟಿಂಗ್ ಹೆಡ್ ರಿಪೇರಿಗೆ ಎರಡು ಲಕ್ಷದ ಮೇಲೆ ಹೋಯಿತು. ನಾಲ್ಕು ವರ್ಷದಿಂದ ಕೆಲಸ ಕೊಡುತ್ತಿದ್ದ ಪಾರ್ಟಿ ಬೇರೆ ಕಡೆ ಹೋದರು. ಇಷ್ಟಕ್ಕೆಲ್ಲ ಕಾರಣ ಏನು ಅಂತ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಕಂಪ್ರೆಸರ್ ಪಕ್ಕದಲ್ಲಿ ಮುಷ್ಟಿಯಷ್ಟು ದೊಡ್ಡದಿರುವ ಒಂದು ಆಟೋ ಡ್ರೈನ್, ಅಂದರೆ ಟ್ಯಾಂಕಿನಲ್ಲಿ ಕೂಡುವ ನೀರನ್ನು ತಾನಾಗಿ ಹೊರಗೆ ಬಿಡುವ ವಾಲ್ವ್.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು, 3 ಕಿಲೋವ್ಯಾಟ್ ಮೆಷಿನ್, ಎರಡು ಶಿಫ್ಟ್. ಮೊದಲೆಲ್ಲ ಎಂಎಸ್ (ಮೈಲ್ಡ್ ಸ್ಟೀಲ್) ಆದರೆ ಆಕ್ಸಿಜನ್, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಆದರೆ ನೈಟ್ರೋಜನ್ ಹಾಕಿ ಕಟ್ ಮಾಡುತ್ತಿದ್ದೆವು. ಗ್ಯಾಸ್ ಬಿಲ್ಲು ನೋಡಿ ನೋಡಿ ಸಾಕಾಗಿ, ತೆಳು ಶೀಟಿಗೆ ಏರ್ ಕಟ್ಟಿಂಗ್, ಅಂದರೆ ಗ್ಯಾಸ್ ಬದಲು ಕಂಪ್ರೆಸರ್ ಗಾಳಿ ಹಾಕಿ ಕಟ್ ಮಾಡುವುದು, ಶುರು ಮಾಡಿದೆ. ಗಾಳಿಯಲ್ಲಿ ಹೇಗೂ 78 ಪರ್ಸೆಂಟ್ ನೈಟ್ರೋಜನ್ನೇ ಅಲ್ವಾ? ಸ್ಕ್ರೂ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಡ್ರೈಯರ್, ಸಾಲಾಗಿ ಮೂರು ಫಿಲ್ಟರ್, ಎಲ್ಲ ಹಾಕಿಸಿದ್ದೆ. ಮೊದಲ ವರ್ಷ ಚೆನ್ನಾಗಿಯೇ ನಡೆಯಿತು, ಉಳಿದ ದುಡ್ಡು ಎಣಿಸಿಕೊಂಡು ಖುಷಿಯಾಗಿದ್ದೆ.

ಆಮೇಲೆ ಪ್ರೊಟೆಕ್ಷನ್ ಗ್ಲಾಸ್ ಸುಡಲು ಶುರುವಾಯಿತು. ಹೆಡ್ಡಿನ ಕೆಳಗೆ, ಲೆನ್ಸಿಗೆ ಕಿಡಿ ಹೊಗೆ ತಾಗದಿರಲಿ ಅಂತ ಒಂದು ಗ್ಲಾಸ್ ಇರುತ್ತದಲ್ಲ, ಅದು. ಮುಂಚೆ ಒಂದು ಗ್ಲಾಸ್ ಎರಡು ಮೂರು ವಾರ ಬರುತ್ತಿತ್ತು. ಅದು ವಾರಕ್ಕೆ ಇಳಿಯಿತು, ಆಮೇಲೆ ದಿನಕ್ಕೆ ಒಂದು, ಕೊನೆಗೆ ದಿನಕ್ಕೆ ಎರಡು. ನಮ್ಮ ಆಪರೇಟರ್ ಹಾವೇರಿ ಕಡೆಯ ಹುಡುಗ, ರಾತ್ರಿ ಫೋನ್ ಮಾಡಿ "ಸರ, ಗ್ಲಾಸ್ ಮತ್ತ ಹೋತ್ರೀ" ಅಂದರೆ ನಾನು "ಇನ್ನೊಂದು ಹಾಕಪ್ಪಾ" ಅನ್ನುತ್ತಿದ್ದೆ. ಯಾಕೆ ಹೋಯಿತು ಅಂತ ಒಂದು ದಿನವೂ ಕೇಳಲಿಲ್ಲ. ಗ್ಲಾಸ್ ಕೊಡುವವನು ಡೂಪ್ಲಿಕೇಟ್ ಮಾಲು ಕೊಡುತ್ತಿದ್ದಾನೆ ಅಂದುಕೊಂಡು ಅಂಗಡಿ ಬದಲಾಯಿಸಿದೆ. ಎರಡನೆಯವನ ಹತ್ತಿರವೂ ಜಗಳ ಆಡಿದೆ. ಪಾಪ, ಇಬ್ಬರ ಮಾಲೂ ಸರಿಯಾಗಿತ್ತು.

ಜೊತೆಗೆ ಇನ್ನೊಂದು ವಿಚಿತ್ರ ಶುರುವಾಗಿತ್ತು. ಬೆಳಿಗ್ಗೆ ಹಾಕಿದ ಮೊದಲ ಹತ್ತು ಹನ್ನೆರಡು ಪೀಸ್ ಕನ್ನಡಿ ಹಾಗೆ ಬರುತ್ತಿದ್ದವು, ಶೀಟ್ ಅರ್ಧಕ್ಕೆ ಬರುವಷ್ಟರಲ್ಲಿ ಕೆಳಗಡೆ ಅಂಚಿಗೆ ಬರ್ (ಕರಗಿದ ಲೋಹದ ಮುಳ್ಳು) ಕಟ್ಟುತ್ತಿತ್ತು, ಹುಡುಗರು ಟೀ ಕುಡಿದು ಬಂದು ಮತ್ತೆ ಓಡಿಸಿದರೆ ಮತ್ತೆ ಚೆನ್ನಾಗಿ ಬರುತ್ತಿತ್ತು. ಶೀಟಿನಲ್ಲೇ ಏನೋ ದೋಷ ಅಂತ ಶೀಟ್ ಡೀಲರ್‌ಗೂ ಬೈದೆ. ಸ್ಪೀಡ್ ಇಳಿಸಿದೆವು, ಪವರ್ ಏರಿಸಿದೆವು, ಫೋಕಸ್ ಹಿಂದೆ ಮುಂದೆ ಮಾಡಿದೆವು. ಈಗ ಗೊತ್ತಾಗಿದೆ, ಗ್ಲಾಸ್ ಅಥವಾ ಲೆನ್ಸ್ ಮೇಲೆ ಕೊಳೆ ಕೂತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಕಿಲ್ಲ. ಫೈಬರ್ ಲೇಸರ್ ಬೆಳಕು 1.07, 1.08 ಮೈಕ್ರಾನ್ ಆಸುಪಾಸಿನದು. ಚೊಕ್ಕ ಗ್ಲಾಸಿನ ಮೂಲಕ ಅದು ಸಲೀಸಾಗಿ ಹಾದು ಹೋಗುತ್ತದೆ. ಎಣ್ಣೆ ಪಸೆ ಇದ್ದರೆ ಆ ಪಸೆ ಬೆಳಕನ್ನು ಹೀರಿಕೊಂಡು ಕಾಯುತ್ತದೆ. ಗ್ಲಾಸ್ ಕಾದರೆ ತಾನೇ ಒಂದು ಲೆನ್ಸ್ ಹಾಗೆ ಆಡುತ್ತದೆ, ಫೋಕಸ್ ಜಾರುತ್ತದೆ. ಟೀ ಬ್ರೇಕಿನಲ್ಲಿ ಅದು ತಣ್ಣಗಾಗುತ್ತಿತ್ತು, ಅಷ್ಟೇ.

ಒಂದು ರಾತ್ರಿ ಹೆಡ್ ಟೆಂಪರೇಚರ್ ಅಲಾರಂ ಬಂತು. ಮರುದಿನ ಡೆಲಿವರಿ ಇತ್ತು. "ರೀಸೆಟ್ ಮಾಡಿ ಓಡಿಸು, ಬೆಳಿಗ್ಗೆ ನೋಡೋಣ" ಅಂದೆ. ಹುಡುಗ ಮೂರು ಸಲ ರೀಸೆಟ್ ಮಾಡಿದ್ದಾನೆ. ನಾಲ್ಕನೇ ಸಲ ಮೆಷಿನ್ ಒಪ್ಪಲಿಲ್ಲ. ಬೆಳಿಗ್ಗೆ ಗ್ಲಾಸ್ ಟ್ರೇ ಎಳೆದು ಟಾರ್ಚ್ ಹಾಕಿದರೆ ಒಳಗಿನ ಫೋಕಸ್ ಲೆನ್ಸ್ ನಡುವೆ ಕಪ್ಪು ಮಚ್ಚೆ, ಅದರ ಸುತ್ತ ಸಣ್ಣ ಬಿರುಕು. ಇದು ಹುಡುಗನ ತಪ್ಪಲ್ಲ, ಓಡಿಸು ಅಂದವನು ನಾನು.

ಸರ್ವೀಸ್ ಎಂಜಿನಿಯರ್ ಮೂರನೇ ದಿನ ಬಂದರು. ಕಂಪನಿ ಹೆಸರು ಹೇಳುವುದಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಬಂದವರು ಮೊದಲು ಹೆಡ್ ಬಿಚ್ಚಲೇ ಇಲ್ಲ. ಹೆಡ್ಡಿನ ತುದಿಯ ನಾಝಲ್ ತೆಗೆದು, ಲೇಸರ್ ಆಫ್ ಇಟ್ಟು, ಬರೀ ಗಾಳಿ ಬಿಟ್ಟು, ಕೆಳಗೆ ಬಿಳಿ ಟಿಶ್ಯೂ ಹಿಡಿದರು. ಐದು ನಿಮಿಷಕ್ಕೆ ಟಿಶ್ಯೂ ಮೇಲೆ ಹಳದಿ ಕಲೆ. ಏನೂ ಮಾತಾಡದೆ ಎದ್ದು ಸೀದಾ ಕಂಪ್ರೆಸರ್ ರೂಮಿಗೆ ಹೋಗಿ ಟ್ಯಾಂಕಿನ ಡ್ರೈನ್ ಕೈಯಿಂದ ತೆಗೆದರು. ಮಜ್ಜಿಗೆ ಹಾಗೆ ಬೆಳ್ಳಗೆ ನೀರು ಸುರಿಯಿತು ನೋಡಿ, ನಿಲ್ಲುವ ಲಕ್ಷಣವೇ ಇಲ್ಲ! ಎಣ್ಣೆಯೂ ನೀರೂ ಬೆರೆತದ್ದು. ಆಟೋ ಡ್ರೈನ್ ಯಾವತ್ತೋ ಜಾಮ್ ಆಗಿತ್ತು. ಡ್ರೈಯರ್ ಗ್ಯಾಸ್ ಲೀಕಾಗಿ ತಣ್ಣಗೇ ಆಗುತ್ತಿರಲಿಲ್ಲ, ಸುಮ್ನೆ ಫ್ಯಾನ್ ತಿರುಗುತ್ತಿತ್ತು, ಹಸಿರು ಲೈಟ್ ಉರಿಯುತ್ತಿತ್ತು. ಫಿಲ್ಟರ್ ಎಲಿಮೆಂಟ್ ಹಾಕಿದ ದಿನದಿಂದ ಬದಲಾಯಿಸಿಯೇ ಇರಲಿಲ್ಲ.

ಕಟ್ಟಿಂಗ್ ಗಾಳಿ ಹಾದು ಹೋಗುವುದು ಗ್ಲಾಸಿನ ಕೆಳಗೆ, ಅಲ್ಲಿ ಎಣ್ಣೆ ಬಂದದ್ದು ಸರಿ, ಒಳಗಿನ ಲೆನ್ಸಿಗೆ ಕೊಳೆ ಹೋಗಿದ್ದು ಹೇಗೆ? ಅದೂ ನಮ್ಮ ಕೆಲಸವೇ. ದಿನಕ್ಕೆ ಎರಡು ಸಲ ಟ್ರೇ ಎಳೆಯುವುದು ಅಂದರೆ ದಿನಕ್ಕೆ ಎರಡು ಸಲ ಹೆಡ್ಡಿನ ಬಾಯಿ ತೆರೆದಂತೆ. ಅದನ್ನು ಪೆಡೆಸ್ಟಲ್ ಫ್ಯಾನ್ ಎದುರಿಗೆ, ಗ್ರೈಂಡಿಂಗ್ ಮಾಡುವ ಜಾಗದಿಂದ ಹತ್ತು ಅಡಿ ದೂರದಲ್ಲಿ, ಬರಿಗೈಯಲ್ಲಿ ಮಾಡುತ್ತಿದ್ದರು. ದೂಳು ಕಂಡರೆ ಏರ್ ಗನ್‌ನಿಂದ ಊದುತ್ತಿದ್ದರು, ಅದೇ ಎಣ್ಣೆ ಗಾಳಿ! ಸೀಲ್ ರಿಂಗ್ ಬೇರೆ ಚಪ್ಪಟೆಯಾಗಿತ್ತು.

ಈಗ ಎಎಂಸಿ, ಅಂದರೆ ವಾರ್ಷಿಕ ಮೇಂಟೆನೆನ್ಸ್ ಕಾಂಟ್ರಾಕ್ಟಿನ ಕಥೆ. ವರ್ಷಕ್ಕೆ ನಾಲ್ಕು ವಿಸಿಟ್, ದುಡ್ಡು ಕಟ್ಟಿದ್ದೆ, ನಿಶ್ಚಿಂತೆಯಾಗಿದ್ದೆ. ಕಾಗದ ತೆಗೆದು ಓದಿದರೆ ಲೆನ್ಸ್, ಗ್ಲಾಸ್, ನಾಝಲ್, ಸೆರಾಮಿಕ್ ರಿಂಗ್ ಯಾವುದೂ ಅದರಲ್ಲಿ ಇಲ್ಲ. ಗಾಳಿ, ನೀರು, ಕರೆಂಟಿನಿಂದ ಆದ ಹಾನಿಯೂ ಇಲ್ಲ. ಮೆಷಿನ್‌ನವರು ಕಂಪ್ರೆಸರ್ ನಮ್ಮದಲ್ಲ ಅಂದರು, ಸರಿಯೇ. ಕಂಪ್ರೆಸರ್‌ನವನು ಆಯಿಲ್ ಬದಲಾಯಿಸಿ ಹೋಗುತ್ತಾನೆ, ಡ್ರೈಯರ್ ಬೇರೆಯವರದ್ದು ಅನ್ನುತ್ತಾನೆ. ಡ್ರೈಯರ್ ಕೊಟ್ಟವನು ಫೋನೇ ಎತ್ತುವುದಿಲ್ಲ. ಎರಡು ಎಎಂಸಿ ನಡುವೆ ಇರುವ ಆ ಹದಿನೈದು ಅಡಿ ಪೈಪು ಯಾರದ್ದು ಅಂತ ಕೇಳಿದರೆ ನನ್ನದು. ನಿಮ್ಮ ಎಎಂಸಿ ಕಾಗದವನ್ನು ಇವತ್ತೇ ತೆಗೆದು ಓದಿ, ಏನು ಬರುತ್ತದೆ ಅನ್ನುವುದಕ್ಕಿಂತ ಏನು ಬರುವುದಿಲ್ಲ ಅಂತ ನೋಡಿ.

ಅದೇ ಎಂಜಿನಿಯರ್ ಹೋಗುವ ಮುಂಚೆ, ಕಟ್ಟಿಂಗ್ ಹೊಗೆ ದೂಳು ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್ ಬಾಗಿಲು ತೆಗೆದು ನಮ್ಮನ್ನು ಇನ್ನೊಂದು ಸಲ ಹೆದರಿಸಿದರು. ನಾವು ಎಂಎಸ್ ಕಟ್ ಮಾಡಿ, ಖಾಲಿ ಮಾಡದೆ ಅದರ ಮೇಲೆಯೇ ಅಲ್ಯೂಮಿನಿಯಂ ಕಟ್ ಮಾಡುತ್ತಿದ್ದೆವು. ರೈಲು ಹಳಿ ಬೆಸೆಯುವ ಥರ್ಮಿಟ್ ಮದ್ದಿನಲ್ಲಿ ಇರುವುದು ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿ. ಎರಡನ್ನೂ ಒಂದೇ ಡಬ್ಬದಲ್ಲಿ ತುಂಬಿ ಮೇಲಿಂದ ಕಿಡಿ ಕಳಿಸುತ್ತಿದ್ದೆವು. ಬೆಂಕಿ ಬೀಳದೆ ಇದ್ದದ್ದು ಯಾರ ಪುಣ್ಯವೋ.

ಈಗ ಹೀಗೆ ಮಾಡುತ್ತೇವೆ. ಬೆಳಿಗ್ಗೆ ಮೊದಲ ಕೆಲಸ ಟ್ಯಾಂಕ್, ಡ್ರೈಯರ್, ಫಿಲ್ಟರ್ ಎಲ್ಲದರ ಡ್ರೈನ್ ಕೈಯಿಂದ ತೆಗೆದು ಬಿಳಿ ಬಕೆಟ್ಟಿಗೆ ಬಿಡುವುದು. ಬಿಳಿ ಬಕೆಟ್ಟೇ ಬೇಕು, ಕಪ್ಪು ಬಕೆಟ್ಟಿನಲ್ಲಿ ಎಣ್ಣೆ ಕಾಣುವುದಿಲ್ಲ. ವಾರಕ್ಕೊಂದು ಸಲ ಟಿಶ್ಯೂ ಟೆಸ್ಟ್. ಗ್ಲಾಸ್ ಬದಲಾಯಿಸುವಾಗ ಫ್ಯಾನ್, ಗ್ರೈಂಡರ್ ಬಂದ್. ಟ್ರೇ ಎಳೆಯುವ ಮುಂಚೆಯೇ ಹೆಡ್ಡಿನ ಹೊರಗಡೆ ಒರೆಸಬೇಕು, ಟ್ರೇ ಈಚೆ ಬಂದ ತಕ್ಷಣ ಬಾಯಿಗೆ ಟೇಪ್ ಅಂಟಿಸಬೇಕು. ಒರೆಸಲು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಸ್ವಾಬ್, ಸ್ಯಾನಿಟೈಸರ್ ಅಲ್ಲ, ಥಿನ್ನರ್ ಅಂತೂ ಅಲ್ಲವೇ ಅಲ್ಲ. ಬಾಯಿಂದಲೂ ಊದಬಾರದು, ಉಗುಳು ಬಿದ್ದರೆ ಅದೇ ಸುಡುತ್ತದೆ. ಒಂದು ಗೋಡೆ ಕ್ಯಾಲೆಂಡರಿನಲ್ಲಿ ಯಾವತ್ತು ಗ್ಲಾಸ್ ಹಾಕಿದ್ದು ಅಂತ ಬರೆಯುತ್ತೇವೆ. ವಾರದೊಳಗೆ ಎರಡನೇ ಗುರುತು ಬಿದ್ದರೆ ಕಟ್ಟಿಂಗ್ ನಿಲ್ಲಿಸಿ ಕಾರಣ ಹುಡುಕಬೇಕು ಅಂತ ರೂಲ್. ಆಯುಧಪೂಜೆ ದಿನ ಮೆಷಿನ್ ಬಾಡಿಗೆ ಎಷ್ಟು ಬೇಕಾದರೂ ಅರಿಶಿನ ಕುಂಕುಮ ಹಚ್ಚಿ, ಹೆಡ್ಡಿಗೆ ಮಾತ್ರ ಪ್ಲಾಸ್ಟಿಕ್ ಕವರ್ ಹಾಕಿ. ನಗಬೇಡಿ, ನಮ್ಮ ಹೆಡ್ ಬಿಚ್ಚಿದಾಗ ವಿಭೂತಿಯೂ ಸಿಕ್ಕಿದೆ.

ಮಂಗಳೂರು ಬೈಕಂಪಾಡಿಯಲ್ಲಿ ನನ್ನ ಸ್ನೇಹಿತನಿಗೆ ಬೇರೆ ಥರ ಪೆಟ್ಟು ಬಿತ್ತು. ಮೆಷಿನ್ ತಣ್ಣಗಿಡುವ ಚಿಲ್ಲರ್ ನೀರು 22 ಡಿಗ್ರಿಗೆ ಇಟ್ಟಿದ್ದ, ಜಾಸ್ತಿ ತಣ್ಣಗಿದ್ದರೆ ಒಳ್ಳೆಯದು ಅಂತ. ಹೊರಗೆ 30 ಡಿಗ್ರಿ, ತೇವ 80 ಪರ್ಸೆಂಟ್ ಇದ್ದರೆ 26 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ತಣ್ಣನೆ ಸ್ಟೀಲ್ ಲೋಟ ಬೆವರುತ್ತದಲ್ಲ, ಹಾಗೆ ಸೋರ್ಸ್ (ಲೇಸರ್ ಬೆಳಕು ಹುಟ್ಟುವ ಪೆಟ್ಟಿಗೆ) ಒಳಗೆ ಬೆವರಿತು. ಹೆಡ್ ರಿಪೇರಿ ಲಕ್ಷದ ಮಾತು, ಸೋರ್ಸ್ ಅಂದರೆ ಅದರ ಎಷ್ಟೋ ಪಟ್ಟು. ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಸೋರ್ಸ್ ಇಟ್ಟಿರುವ ಕ್ಯಾಬಿನ್ನಿನ ಎಸಿ ನೋಡಿಕೊಳ್ಳಿ, ಎಸಿ ಹಾಕಿ ಅರ್ಧ ಗಂಟೆ ಬಿಟ್ಟು ಚಿಲ್ಲರ್ ಹಾಕಿ, ರಾತ್ರಿ ಎಸಿ ಆಫ್ ಮಾಡಿ ಚಿಲ್ಲರ್ ಮಾತ್ರ ಓಡುತ್ತಾ ಬಿಡಬೇಡಿ. ನೀರಿನ ಡಿಗ್ರಿ ಎಷ್ಟಿಡಬೇಕು ಅಂತ ಸೋರ್ಸ್ ಮ್ಯಾನುಯಲ್‌ನಲ್ಲಿ ತೇವದ ಪಟ್ಟಿ ಇದ್ದರೆ ಅದನ್ನು ಪ್ರಿಂಟ್ ತೆಗೆದು ಚಿಲ್ಲರ್ ಮೇಲೆಯೇ ಅಂಟಿಸಿ.

ನಿನ್ನೆ ಬೆಳಿಗ್ಗೆ ಹುಡುಗ ಬಕೆಟ್ ತಂದು ತೋರಿಸಿದ, "ಸರ, ಪಸೆ ಕಾಣಾಕತ್ತದ ನೋಡ್ರಿ." ಹೌದು, ಮೇಲೆ ಕಾಮನಬಿಲ್ಲಿನ ಬಣ್ಣ ತೆಳ್ಳಗೆ ಇತ್ತು. ಕಂಪ್ರೆಸರಿನಲ್ಲಿ ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರ್ ಎಲಿಮೆಂಟ್ ಹೋಗಿರಬೇಕು, ಆರ್ಡರ್ ಹಾಕಿದ್ದೇನೆ. ಅದು ಬರುವ ತನಕ ಏರ್ ಕಟ್ಟಿಂಗ್ ಬಂದ್, ನೈಟ್ರೋಜನ್ ಸಿಲಿಂಡರ್ ಹೇಳಿದ್ದೇನೆ.