ಅರ್ಧ ಬೆಲೆಯ ಅನಿಮೆ ಡಿಸ್ಕ್, ಪೂರ್ತಿ ಬೆಲೆಯ ಲೆಕ್ಕ

ಸೇಲ್‌ನಲ್ಲಿ ಬರುವ ಅನಿಮೆ, ಅಂದರೆ ಜಪಾನಿನ ಕಾರ್ಟೂನಿನ ಡಿವಿಡಿ, ಅದಕ್ಕಿಂತ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕ್ ಕೊಳ್ಳಬೇಕಾ ಬೇಡ್ವಾ ಅಂತ ಕೇಳುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗಾಗಲೇ ನೋಡಿ ಮುಗಿಸಿದ್ದು, ಇನ್ನೂ ನಾಲ್ಕು ಸಲ ನೋಡಬೇಕು ಅನ್ನಿಸುವಂಥದ್ದು ಇದ್ದರೆ ಅದನ್ನು ಮಾತ್ರ ಕೊಳ್ಳಿ. ಹೊಸದು ಹೇಗಿದೆ ಅಂತ ನೋಡೋಕೆ ಸ್ಟ್ರೀಮಿಂಗ್ ಇದೆ. ಎಪ್ಪತ್ತು ಪರ್ಸೆಂಟ್ ರಿಯಾಯಿತಿ ಅಂತ ಕೆಂಪಕ್ಷರದಲ್ಲಿ ಬರೆದಿದ್ದರೂ ಅಷ್ಟೇ.

ನಾನು ವಾರವೆಲ್ಲ ಶಿವಮೊಗ್ಗದಲ್ಲಿ ಇರುತ್ತೇನೆ, ಶನಿವಾರ ಭಾನುವಾರ ಊರಿಗೆ ಹೋಗುತ್ತೇನೆ. ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಒಳಗೆ. ವಿನೋಬನಗರದ ರೂಮಿನಲ್ಲಿ ಫೈಬರ್ ಇದೆ, ಅಲ್ಲಿ ಡಿಸ್ಕ್ ಅಂದರೆ ನಗು ಬರುತ್ತದೆ. ಊರಿನ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಗುವುದು ಡಿಸ್ಕೇ. ಎರಡೂ ಕಡೆ ಕೂತು ನೋಡಿದವನಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಇದರಲ್ಲಿ ಅರ್ಧ ಅನ್ವಯಿಸಲಿಕ್ಕಿಲ್ಲ.

ದುಡ್ಡಿನ ವಿಷಯ. ಅನಿಮೆಗೇ ಇರುವ ಸ್ಟ್ರೀಮಿಂಗ್ ಸೇವೆ ಕ್ರಂಚಿರೋಲ್ 2022ರಲ್ಲಿ ಭಾರತಕ್ಕೆ ದರ ಇಳಿಸಿದಾಗ ತಿಂಗಳಿಗೆ 79 ರೂಪಾಯಿಗೆ ಬಂತು. ಹನ್ನೆರಡು ಹದಿಮೂರು ಎಪಿಸೋಡ್‌ನ ಒಂದು ಬ್ಲೂ-ರೇ ಸೆಟ್ ಅಮೆರಿಕದ ಸೇಲ್‌ನಲ್ಲಿ ಇಪ್ಪತ್ತು ಡಾಲರ್‌ಗೆ ಸಿಕ್ಕಿತು ಅಂದುಕೊಳ್ಳಿ. ಅದೇ ದುಡ್ಡಿಗೆ ಆ ದರದಲ್ಲಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಸ್ಟ್ರೀಮಿಂಗ್ ಬರುತ್ತಿತ್ತು. ಇನ್ನೂ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿಲ್ಲ. ಅದು ಸೇರಿದ ಮೇಲೆ ಅರ್ಧ ಬೆಲೆ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಬೆಲೆಗೇ ಬಂದು ನಿಲ್ಲುತ್ತದೆ. 2007ರ ಸುಮಾರಿಗೆ ಮೋಸರ್ ಬೇಯರ್‌ನವರು 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಿದ್ದನ್ನು ನೋಡಿ ಬೆಳೆದ ನಮ್ಮಂಥವರಿಗೆ ಈ ಬೆಲೆ ಗಂಟಲಲ್ಲಿ ಇಳಿಯುವುದಿಲ್ಲ.

ಹಾಗಾಗಿ ನನ್ನ ಡಿಸ್ಕುಗಳೆಲ್ಲ ಬಂದಿದ್ದು ಅಕ್ಕನ ಸೂಟ್‌ಕೇಸಿನಲ್ಲಿ. ಅವಳು ಅಮೆರಿಕದಲ್ಲಿದ್ದಾಳೆ. ನವೆಂಬರ್ ಕೊನೆಯ ಸೇಲ್‌ನಲ್ಲಿ ಅವಳ ವಿಳಾಸಕ್ಕೆ ತರಿಸುವುದು, ಅವಳು ಬೇಸಿಗೆ ರಜೆಗೆ ಬರುವಾಗ ತರುವುದು. "ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಬರುವಾಗ ನಿನ್ನ ಕಾರ್ಟೂನು. ನಾನೇನು ಲಗೇಜ್ ಆಟೋನಾ ಮಾರಾಯ?" ಅಂತ ಪ್ರತಿಸಲ ಬೈಯುತ್ತಾಳೆ. ಆದರೂ ತರುತ್ತಾಳೆ. ಇಂಥ ಅಕ್ಕ ಇಲ್ಲದವರು ಈ ಹವ್ಯಾಸಕ್ಕೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಅದು ರೀಜನ್ ಕೋಡ್, ಯಾವ ಪ್ರದೇಶದ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್ ಎರಡೂ ಎ ರೀಜನ್. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ ಸಿ, ಚೀನಾ ರಷ್ಯಾ ಜೊತೆ. ಅಂದರೆ ಇಲ್ಲಿ ಅಂಗಡಿಯಲ್ಲಿ ಕೊಂಡ ಪ್ಲೇಯರ್‌ಗೆ ಎ ರೀಜನ್ ಬೀಗ ಇರುವ ಅಮೆರಿಕದ ಅನಿಮೆ ಡಿಸ್ಕ್ ಹಾಕಿದರೆ, ಇದು ನಿಮ್ಮ ಪ್ರದೇಶದ್ದಲ್ಲ ಅಂತ ಒಂದು ಸಾಲು ತೋರಿಸಿ ಸುಮ್ನಾಗುತ್ತದೆ. ಪ್ಲೇಸ್ಟೇಷನ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಬೇರೆ ದೇಶದ ಗೇಮ್ ಓಡುತ್ತದೆ, ಆದರೆ ಸಿನಿಮಾ ಡಿಸ್ಕಿಗೆ ಅದಕ್ಕೂ ರೀಜನ್ ಬೀಗ ಇದೆ. ಡಿವಿಡಿಯ ನಂಬರ್ ಇನ್ನೂ ಬೇರೆ. ಅಮೆರಿಕ 1, ಜಪಾನ್ 2, ನಾವು 5. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಗೆ ಯಾವುದಿತ್ತೋ ಅದೇ ಗಟ್ಟಿ.

ಇಷ್ಟೆಲ್ಲ ಬೇಲಿ ಯಾಕೆ ಅಂದರೆ ಬೆಲೆಗೆ. ಜಪಾನಿನಲ್ಲಿ ಟೀವಿ ಸರಣಿಯ ಡಿಸ್ಕನ್ನು ಎರಡು ಮೂರು ಎಪಿಸೋಡ್‌ಗೆ ಒಂದರಂತೆ ಬಿಡುವ ಪದ್ಧತಿ ಇದೆ, ಬೆಲೆ ಒಂದಕ್ಕೇ ಆರೇಳು ಸಾವಿರ ಯೆನ್ ಆಗುತ್ತದೆ. ಅಮೆರಿಕದಲ್ಲಿ ಪೂರ್ತಿ ಸೀಸನ್ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಬ್ಲೂ-ರೇ ಬಂದಾಗ ಎರಡೂ ದೇಶ ಒಂದೇ ರೀಜನ್‌ಗೆ ಬಿದ್ದವು. ಜಪಾನಿನವರೇ ಅಮೆರಿಕದಿಂದ ತರಿಸಿಕೊಂಡರೆ ಅಲ್ಲಿನ ಕಂಪನಿಗಳ ಗತಿ? ಕೆಲವು ಕಂಪನಿಗಳ ಡಿಸ್ಕ್ ಅಮೆರಿಕದಲ್ಲೂ ದುಬಾರಿ ಇರುವುದಕ್ಕೆ, ಸೇಲ್‌ಗೇ ಬಾರದೆ ಇರುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ. ಜಪಾನಿನ ಡಿಸ್ಕ್ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೂ ಬಹಳಷ್ಟರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ, ನೋಡಿ ಕೊಳ್ಳಿ.

ನಾನು ಮಾಡಿದ್ದು ಇಷ್ಟು. ಬೆಂಗಳೂರಿನಲ್ಲಿ ಎಲ್ಲ ರೀಜನ್ ಓದುವಂತೆ ಮಾಡಿದ ಒಂದು ಹಳೇ ಪ್ಲೇಯರ್ ಹುಡುಕಿ ತಂದೆ. ಡಿಸ್ಕ್ ಆಮೇಲೆ, ಪ್ಲೇಯರ್ ಮೊದಲು. ಈ ಕ್ರಮ ತಪ್ಪಿಸಬೇಡಿ.

ಚಿತ್ರದ ಗುಣಮಟ್ಟಕ್ಕೆ ಬಂದರೆ ಡಿಸ್ಕ್ ಗೆಲ್ಲುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ ಜಾಗ ಇರುತ್ತದೆ. ವಿಡಿಯೋಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಕೊಡಬಹುದು. ಎಚ್‌ಡಿ ಸ್ಟ್ರೀಮಿಂಗ್ ಅದರಲ್ಲಿ ಒಂದು ಸಣ್ಣ ಪಾಲಿನಲ್ಲೇ ಕೆಲಸ ಮುಗಿಸುತ್ತದೆ. ಹಗಲಿನ ದೃಶ್ಯದಲ್ಲಿ, ಇಬ್ಬರು ಕೂತು ಮಾತಾಡುವಾಗ ನಿಮಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ರಾತ್ರಿ ಆಗಲಿ, ಮಂಜು ಬರಲಿ, ಆಗ ನೋಡಿ. ಒಂದೇ ದೃಶ್ಯವನ್ನು ರೂಮಿನಲ್ಲಿ ಸ್ಟ್ರೀಮ್ ಮಾಡಿ, ಊರಿನಲ್ಲಿ ಡಿಸ್ಕ್ ಹಾಕಿ ನೋಡಿದ್ದೇನೆ. ಜೋರು ಮಳೆಯಲ್ಲಿ ಒಬ್ಬ ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾಳೆ. ಸ್ಟ್ರೀಮಿಂಗ್‌ನಲ್ಲಿ ಮಳೆಯ ಗೆರೆಗಳು ಓಡುವಾಗ ಹಿಂದಿನ ಗೋಡೆ ಚೌಕ ಚೌಕವಾಗಿ ಒಡೆಯುತ್ತದೆ, ಕಡುನೀಲಿ ಆಕಾಶದಲ್ಲಿ ಪಟ್ಟೆ ಪಟ್ಟೆ ಬೀಳುತ್ತದೆ. ಡಿಸ್ಕಿನಲ್ಲಿ ಪ್ರತಿ ಗೆರೆಯೂ ಬೇರೆ ಬೇರೆ ಕಾಣುತ್ತದೆ, ಗೋಡೆ ಗೋಡೆಯ ಹಾಗೇ ಇರುತ್ತದೆ. ಆಕಾಶದ ಪಟ್ಟೆ ಪೂರ್ತಿ ಹೋಗುವುದಿಲ್ಲ, ತುಂಬಾ ಕಡಿಮೆಯಾಗುತ್ತದೆ. ಮಲೆನಾಡಿನವನಿಗೆ ಮಳೆ ಸರಿಯಾಗಿ ಕಾಣದಿದ್ದರೆ ಹೇಗೆ ಹೇಳಿ.

ಆದರೆ ಬ್ಲೂ-ರೇ ಅಂತ ಬರೆದಿದ್ದಕ್ಕೆಲ್ಲ ಜಾಸ್ತಿ ದುಡ್ಡು ಕೊಡಬೇಡಿ. ಇದು ಅಂಗಡಿಯವರು ಹೇಳದ ಮಾತು. 1990ರ ದಶಕದವರೆಗಿನ ಅನಿಮೆ ಸೆಲ್ ಅನ್ನುವ ಪಾರದರ್ಶಕ ಹಾಳೆಯ ಮೇಲೆ ಬಣ್ಣ ಹಚ್ಚಿ ಫಿಲ್ಮ್‌ನಲ್ಲಿ ತೆಗೆದದ್ದು. ಫಿಲ್ಮ್ ಚೆನ್ನಾಗಿ ಉಳಿದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ನಿಜವಾದ ಎಚ್‌ಡಿ ತೆಗೆಯಬಹುದು. 2000ದ ಆಚೀಚೆ ಸ್ಟುಡಿಯೋಗಳು ಕಂಪ್ಯೂಟರಿಗೆ ಹೋದವು. ಆಗಿನ ಟೀವಿಗೆ ಎಷ್ಟು ಬೇಕೋ ಅಷ್ಟೇ ಅಳತೆಯಲ್ಲಿ ಬಹಳಷ್ಟು ಸರಣಿ ತಯಾರಾದವು. ಅವಕ್ಕೆ ಹಿಂದೆ ಫಿಲ್ಮೇ ಇಲ್ಲ. ಈಗ ಬರುವ ಬ್ಲೂ-ರೇ ಅದನ್ನೇ ಹಿಗ್ಗಿಸಿದ್ದು. ಆ ಕಾಲದ ಸರಣಿಗೆ ಸೇಲ್‌ನ ಹಳೇ ಡಿವಿಡಿ ಸೆಟ್ ಸಾಕು, ಸಾಕಷ್ಟು ಅಗ್ಗವೂ ಹೌದು. ಡಿಸ್ಕೊಟೆಕ್ ಅನ್ನುವ ಅಮೆರಿಕದ ಕಂಪನಿ ಇದರಲ್ಲಿ ಪ್ರಾಮಾಣಿಕ. ಕೆಲವು ಸರಣಿಗಳಲ್ಲಿ ಹಿಗ್ಗಿಸುವ ಗೋಜಿಗೆ ಹೋಗದೆ, ಹಳೇ ಅಳತೆಯಲ್ಲೇ ಎಷ್ಟೋ ಎಪಿಸೋಡ್‌ಗಳನ್ನು ಒಂದೇ ಬ್ಲೂ-ರೇಗೆ ತುಂಬಿ, ಹಾಗೇ ಹೇಳಿಯೇ ಮಾರುತ್ತಾರೆ.

ಡಿಸ್ಕ್ ಇದ್ದರೆ ನಮ್ಮದೇ, ಸ್ಟ್ರೀಮಿಂಗ್ ಯಾವಾಗ ಬೇಕಾದರೂ ಕಿತ್ತುಕೊಳ್ಳುತ್ತಾರೆ ಅನ್ನುವ ವಾದ ನೀವೂ ಕೇಳಿರುತ್ತೀರಿ. ಬಹುಪಾಲು ನಿಜ. ಅಮೆರಿಕದ ಅನಿಮೆ ಕಂಪನಿ ಫ್ಯುನಿಮೇಷನ್‌ನವರ ಡಿಸ್ಕ್ ಜೊತೆ ಒಂದು ಕೋಡ್ ಚೀಟಿ ಬರುತ್ತಿತ್ತು. ಅದನ್ನು ಹಾಕಿದರೆ ಅವರ ಆ್ಯಪ್‌ನಲ್ಲೂ ನೋಡಬಹುದಿತ್ತು. 2024ರ ಏಪ್ರಿಲ್‌ನಲ್ಲಿ ಆ್ಯಪ್ ಮುಚ್ಚಿ ಕ್ರಂಚಿರೋಲ್‌ಗೆ ಸೇರಿಸಿದರು, ಆದರೆ ಆ ಪ್ರತಿಗಳು ಅಲ್ಲಿಗೆ ಬರಲಿಲ್ಲ. ಅಮೆರಿಕದವರು ಕೂಗಾಡಿದರು. ನಮಗೆ ಆ ಚೀಟಿ ಮೊದಲಿಂದಲೂ ಪುಸ್ತಕದ ನಡುವೆ ಇಡುವ ಗುರುತೇ ಆಗಿತ್ತು, ಬಿಡಿ. ಅದೇ ಹೊತ್ತಿಗೆ ಅಂಗಡಿಗಳೂ ಕಡಿಮೆಯಾದವು. 1987ರಲ್ಲಿ ಶುರುವಾಗಿದ್ದ ಅಮೆರಿಕದ ಅನಿಮೆ ಅಂಗಡಿ ರೈಟ್ ಸ್ಟಫ್ ಅನ್ನು ಕ್ರಂಚಿರೋಲ್ 2022ರಲ್ಲಿ ಕೊಂಡಿತು, ಮರುವರ್ಷ ಅದರ ಹೆಸರೂ ಹೋಯಿತು. ಸ್ಟ್ರೀಮಿಂಗ್ ಕಂಪನಿಯೇ ಡಿಸ್ಕ್ ಅಂಗಡಿಯನ್ನೂ ಇಟ್ಟುಕೊಂಡಿದೆ. ಇಂಥಲ್ಲಿ ಸೇಲ್ ಎಷ್ಟು ದಿನ ನಡೆಯುತ್ತದೆ ಅಂತ ಯಾರನ್ನು ಕೇಳುವುದು?

ಹಾಗಂತ ಡಿಸ್ಕ್ ಇದ್ದರೆ ಎಲ್ಲ ಸುರಕ್ಷಿತ ಅಂತಲೂ ಅಲ್ಲ. ನಿಯಾನ್ ಜೆನೆಸಿಸ್ ಇವಾಂಜೆಲಿಯನ್ ಅನ್ನುವ ಸರಣಿ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಪ್ರತಿ ಎಪಿಸೋಡ್ ಕೊನೆಯ ಹಾಡು ಜಪಾನಿನ ಹೊರಗೆ ಬಹಳಷ್ಟು ಕಡೆ ಮಾಯವಾಗಿತ್ತು. ಡಿಸ್ಕಿನಲ್ಲಾದರೂ ಬರುತ್ತದೆ ಅಂತ ಕಾದರು ಜನ. 2021ರಲ್ಲಿ ಉತ್ತರ ಅಮೆರಿಕದಲ್ಲಿ ಬಂದ ಬ್ಲೂ-ರೇಯಲ್ಲೂ ಆ ಹಾಡಿಲ್ಲ. ಅಮೆರಿಕದ ಡಿಸ್ಕಿನಲ್ಲೇ ಅದು ಬೇಕಿದ್ದರೆ ಸ್ಕ್ರಾಚ್ ಆದ ಹಳೇ ಡಿವಿಡಿಯನ್ನೇ ಹುಡುಕಬೇಕು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೇಲೆ ಬೀಳುತ್ತದೆ, ನಮ್ಮ ಕಡೆ ಅದಕ್ಕಿಂತ ಸ್ವಲ್ಪ ಕಡಿಮೆ. ಆಷಾಢದಲ್ಲಿ ಎಲ್ಲೋ ಒಂದು ಮರ ಬಿದ್ದರೆ ಕರೆಂಟೂ ಹೋಗುತ್ತದೆ, ಕೇಬಲ್ಲೂ ಹೋಗುತ್ತದೆ. ಟವರ್‌ನ ಬ್ಯಾಟರಿ ಮುಗಿಯುವವರೆಗೆ ಮೊಬೈಲ್, ಆಮೇಲೆ ಅದೂ ಇಲ್ಲ. ಮೊಬೈಲ್ ಇದ್ದಾಗಲೂ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಒಂದು ಎಪಿಸೋಡ್‌ಗೇ ಹೆಚ್ಚುಕಡಿಮೆ ಖಾಲಿ. ಪ್ಲೇಯರ್ ತಿನ್ನುವ ಕರೆಂಟು ಒಂದು ಬಲ್ಬಿನಷ್ಟು. ಟೀವಿಯೂ ಸೇರಿ ಇನ್ವರ್ಟರ್ ಮೇಲೆ ಆರಾಮಾಗಿ ಮೂರು ನಾಲ್ಕು ಎಪಿಸೋಡ್ ನೋಡಬಹುದು. ಈ ನಾಲ್ಕು ತಿಂಗಳಿಗಾಗಿಯೇ ನಾನು ಡಿಸ್ಕ್ ಇಟ್ಟುಕೊಂಡಿರುವುದು. ಅಣ್ಣನ ಮಗಳು ರಜೆಯಲ್ಲಿ ಬಂದರೆ, "ಚಿಕ್ಕಪ್ಪ, ನೆಟ್ ಬೇಡದ್ದು ಹಾಕು" ಅಂತಲೇ ಕೇಳುತ್ತಾಳೆ. ಅವಳ ಒಂದು ದೂರು ನ್ಯಾಯವಾದದ್ದು. ಸ್ಟ್ರೀಮಿಂಗ್‌ನಲ್ಲಿ ಹಿಂದಿ, ತಮಿಳು, ತೆಲುಗು ಡಬ್ ಕೆಲವಕ್ಕಾದರೂ ಇದೆ. ನನ್ನ ಡಿಸ್ಕುಗಳಲ್ಲಿ ಜಪಾನಿ, ಇಂಗ್ಲಿಷ್ ಎರಡೇ. ಕನ್ನಡ ಎರಡು ಕಡೆಯೂ ನನಗೆ ಸಿಕ್ಕಿಲ್ಲ. ಅಮ್ಮ ಕೂತರೆ ನಾನು ಪಾಸ್ ಒತ್ತಿ ಒತ್ತಿ ಕಥೆ ಹೇಳಬೇಕು.

ಅದೇ ಮಳೆ ಡಿಸ್ಕನ್ನು ತಿನ್ನುತ್ತದೆ ಕೂಡ. ಬೂಷ್ಟು. ಮೊದಲು ಹಾಳಾಗುವುದು ಹೊರಗಿನ ರಟ್ಟಿನ ಕವರ್, ಉಬ್ಬಿ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಒಳಗಿನ ಬುಕ್‌ಲೆಟ್ ಪುಟಗಳು ಒಂದಕ್ಕೊಂದು ಅಂಟುತ್ತವೆ. ಡಿಸ್ಕಿನ ಮೇಲೆ ಬಿಳಿ ಬಿಳಿ ಕವಲು, ಸಣ್ಣ ಜರಿಗಿಡದ ಹಾಗೆ, ನಡುವಿನ ತೂತಿನ ಹತ್ತಿರದಿಂದ ಶುರುವಾಗುತ್ತದೆ. ಹೆದರಬೇಡಿ, ಮೇಲೆಯೇ ಇರುವಾಗ ಹೋಗುತ್ತದೆ. ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತಗಿನ ಹತ್ತಿ ಬಟ್ಟೆ. ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಸುತ್ತ ಒರೆಸಬಾರದು. ಸುತ್ತ ಗೀರು ಬಿದ್ದರೆ ಲೇಸರ್ ಅದೇ ಗೀರಿನ ಜೊತೆ ಓಡಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲಷ್ಟೇ ಇರುತ್ತದೆ. ಮೇಲೆ ಗಟ್ಟಿ ಲೇಪನ ಇರುವುದರಿಂದ ಬದುಕುತ್ತದೆ. ಡಿವಿಡಿಗೆ ಆ ಲೇಪನ ಇಲ್ಲ, ಬೇಗ ಗೀರಾಗುತ್ತದೆ.

ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಚೆಂದಕ್ಕೆ ಜೋಡಿಸುವುದು ನಮ್ಮ ಕಡೆ ನಡೆಯುವುದಿಲ್ಲ. ನಾನು ಮುಚ್ಚಳ ಬಿಗಿ ಇರುವ ಅಕ್ಕಿ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಅಡುಗೆಮನೆ ಬಾಣಲೆ ಮುಟ್ಟುವಂತಿಲ್ಲ ಅಂತ ಅಮ್ಮನ ಕಾನೂನು, ಹಾಗಾಗಿ ಅದಕ್ಕೇ ಒಂದು ಹಳೇ ಬಾಣಲೆ ಬೇರೆ ಇದೆ.

ಸ್ಟಾರ್ ಕೊಡಲೇಬೇಕು ಅಂದರೆ ಡಿಸ್ಕಿಗೆ ಐದಕ್ಕೆ ನಾಲ್ಕು, ಅದನ್ನು ಓಡಿಸುವ ವ್ಯವಸ್ಥೆಗೆ ಎರಡು. ಪ್ಲೇಯರ್ ಮಾಡುವವರೇ ಕಡಿಮೆಯಾಗುತ್ತಿದ್ದಾರೆ. ಒಪ್ಪೋ 2018ರಲ್ಲಿ ಬಿಟ್ಟಿತು, ಸ್ಯಾಮ್‌ಸಂಗ್ 2019ರಲ್ಲಿ, ಎಲ್‌ಜಿ 2024ರಲ್ಲಿ. ಶಿವಮೊಗ್ಗದಲ್ಲಿ ನನ್ನ ಪ್ಲೇಯರ್ ಬಿಚ್ಚಿ ನೋಡಿದ ರಿಪೇರಿಯವರು, "ಸಾರ್, ಬೆಲ್ಟ್ ಹಾಕಿ ಕೊಡ್ತೀನಿ, ಟ್ರೇ ಸರಿಹೋಗುತ್ತೆ. ಲೆನ್ಸ್ ಹೋದ್ರೆ ಮಾತ್ರ ನನ್ನ ಹತ್ರ ತರಬೇಡಿ" ಅಂದರು. ಹೊಸದಾಗಿ ಶುರುಮಾಡುವವರಿಗೆ ಕೈಯಲ್ಲಿ ದುಡ್ಡಿದ್ದರೆ 4ಕೆ ಪ್ಲೇಯರ್ ಮೇಲು. 4ಕೆ ಡಿಸ್ಕಿಗೆ ರೀಜನ್ ಬೀಗವೇ ಇಲ್ಲ, ಯಾವ ದೇಶದ್ದನ್ನಾದರೂ ಹಾಕಬಹುದು. ಆದರೆ ಅದರಲ್ಲಿ ಸಿಗುವ ಅನಿಮೆ ಹೆಚ್ಚಾಗಿ ಸಿನಿಮಾಗಳು, ಸೇಲ್ ಬೆಲೆಯೂ ಅಷ್ಟು ಇಳಿಯುವುದಿಲ್ಲ. ಹಳೇ ಪ್ಲೇಯರೇ ಸಾಕು ಅನ್ನುವವರು ಕೊಳ್ಳುವ ಮೊದಲು ಎರಡು ಪದರದ ಒಂದು ಡಿಸ್ಕ್ ಜೊತೆ ಒಯ್ಯಿರಿ. ಮೊದಲ ಎಪಿಸೋಡ್ ಓಡಿತು ಅಂತ ದುಡ್ಡು ಎಣಿಸಬೇಡಿ. ನಡುವಿನ ಎಪಿಸೋಡ್ ಹಾಕಿ ನೋಡಿ. ಪದರ ಬದಲಾಗುವುದು ಅಲ್ಲೇ, ಲೆನ್ಸ್ ಸೋತಿದ್ದರೆ ಅಲ್ಲೇ ನಿಲ್ಲುತ್ತದೆ.