ಬೇಸ್‌ಮೆಂಟ್ ಬಾರಿನಲ್ಲಿ ತಲೆ ಸುತ್ತಿದ್ರೆ ಎಣ್ಣೆ ಏರಿದೆ ಅಂತ ಸುಮ್ಮನಿರಬೇಡಿ

ನೆಲದಡಿ ಬಾರು, ಮಬ್ಬು ಬೆಳಕು, ಮೇಜಿನ ಮೇಲೇ ಇದ್ದಿಲ ಒಲೆ ಇಟ್ಟು ಕಬಾಬ್ ಸುಡೋದು. ಇಂಥ ಕಡೆ ಪಾರ್ಟಿ ಇಟ್ಕೊಂಡಿರೋರು ಇದನ್ನ ಓದಿಕೊಂಡೇ ಹೋಗಿ.

ಗೆಳೆಯನಿಗೆ ಕೆಲಸ ಖಾಯಂ ಆದ ಖುಷಿಗೆ ನಾವು ದಾವಣಗೆರೆಯ ಇಂಥದ್ದೇ ಒಂದು ಬಾರ್ ಅಂಡ್ ರೆಸ್ಟೋರೆಂಟಲ್ಲಿ ಕೂತಿದ್ವಿ. ಗಾಡಿ ಇಳಿಸೋ ಇಳಿಜಾರನ್ನೇ ಬಾಗಿಲು ಮಾಡಿದ್ದಾರೆ, ಕಿಟಕಿ ಅನ್ನೋದೇ ಇಲ್ಲ. ಕಬಾಬ್ ಚೆನ್ನಾಗಿತ್ತು, ಅದರಲ್ಲಿ ಸುಳ್ಳು ಹೇಳಲ್ಲ. ನಡುವೆ ಕರೆಂಟ್ ಹೋಯ್ತು. ಜನರೇಟರ್ ಹಾಕಿದ್ರು. ಲೈಟ್ ಬಂತು, ಹಾಡು ಬಂತು, ಎಕ್ಸಾಸ್ಟ್ ಫ್ಯಾನ್ ಮಾತ್ರ ತಿರುಗಲಿಲ್ಲ. ಆ ಜನರೇಟರ್ ಇದ್ದದ್ದೂ ಇಳಿಜಾರಿನ ಬಾಯಲ್ಲೇ.

ಸ್ವಲ್ಪ ಹೊತ್ತಿಗೆ ಒಬ್ಬನಿಗೆ ತಲೆನೋವು, ಇನ್ನೊಬ್ಬನಿಗೆ ವಾಕರಿಕೆ. "ಏಯ್, ನಿಂಗೆ ಏರೈತಿ, ಸುಮ್ನೆ ಕುಂದ್ರು" ಅಂತ ಎಲ್ಲಾ ನಕ್ಕರು. ಆದ್ರೆ ನನ್ನ ಚಿಕ್ಕಪ್ಪನ ಮಗ ಲೈಮ್ ಸೋಡಾ ಬಿಟ್ಟು ಏನೂ ಮುಟ್ಟಿರಲಿಲ್ಲ, ಅವನೂ ಹಣೆ ಹಿಡ್ಕೊಂಡು ತೂಕಡಿಸ್ತಿದ್ದ. ಅನುಮಾನ ಬಂತು, ಎಲ್ಲರನ್ನೂ ಎಬ್ಬಿಸಿದೆ. ಮ್ಯಾನೇಜರ್ ಅಡ್ಡ ನಿಂತು "ಬಿಲ್ ಕೊಟ್ಟು ಹೋಗ್ರಿ ಸಾರ್" ಅಂದ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಬೇರೆ. (ಅದನ್ನ ತಾವಾಗೇ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೂರಿಗೆ 1915. ಉಸಿರು ಕಟ್ಟೋವಾಗ ಮಾತ್ರ ಆ ಜಗಳಕ್ಕೆ ನಿಲ್ಲಬೇಡಿ.)

ಹೊರಗಿನ ಗಾಳಿಗೆ ಬಂದ್ರೂ ತಮ್ಮನ ಮಂಪರು ಇಳಿಯಲಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತದ ಆಮ್ಲಜನಕ ಅಳೆಯೋಕೆ ಬೆರಳಿಗೆ ಹಾಕೋ ಕ್ಲಿಪ್ 98 ತೋರಿಸ್ತು. ನಮಗೆ ಸಮಾಧಾನ, ಡಾಕ್ಟರಮ್ಮನಿಗೆ ಇಲ್ಲ. ನೆಲದಡಿ, ಇದ್ದಿಲು ಅಂದ ಕೂಡ್ಲೇ ಆಕ್ಸಿಜನ್ ಮಾಸ್ಕ್ ಹಾಕಿಸಿದ್ರು. ಇದು ಕಾರ್ಬನ್ ಮಾನಾಕ್ಸೈಡ್, ಇದ್ದಿಲಿಂದಲೂ ಜನರೇಟರ್ ಹೊಗೆಯಿಂದಲೂ ಬರೋ ವಿಷಗಾಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮಾಮೂಲಿ ಕ್ಲಿಪ್‌ಗೆ ಎರಡರ ವ್ಯತ್ಯಾಸ ತಿಳಿಯಲ್ಲ, ಅದಕ್ಕೇ ಆ 98. ರಕ್ತದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯೋಕೆ ಬರೀ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು, ಶುದ್ಧ ಆಕ್ಸಿಜನ್‌ನಲ್ಲಿ ಒಂದೂವರೆ ಗಂಟೆ ಆಸುಪಾಸು. ಲಕ್ಷಣಗಳೆಲ್ಲಾ ಕುಡಿದವನದ್ದೇ. ಕುಡಿದು ಮಲಗಿದ್ದಾನೆ ಬಿಡು ಅಂತ ಬಿಟ್ಟರೆ ಅವನು ಏಳದೇ ಹೋಗಬಹುದು.

2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದು 25 ಜನ ಸತ್ತರಲ್ಲ, ಅವರಲ್ಲಿ ಹೆಚ್ಚಿನವರು ಅಲ್ಲಿನ ಕೆಲಸಗಾರರು, ಬಹಳ ಮಂದಿ ಉಸಿರುಕಟ್ಟಿಯೇ ಹೋದವರು. ನಾವು ಹೋದ ಕಡೆ ಬೆಂಕಿ ಏನೂ ಇರಲಿಲ್ಲ ನಿಜ. ಆದ್ರೆ ಮಾರನೇ ದಿನ ಹೇಳಲಿಕ್ಕೆ ಹೋದಾಗ ಸಪ್ಲೈಯರ್ ಹುಡುಗ ಅಂದದ್ದು: "ನಮಗೆ ದಿನಾ ರಾತ್ರಿ ತಲಿನೋವು ಇದ್ದದ್ದೇರಿ ಸಾರ್, ನಿದ್ದೆಗೆಟ್ಟು ಅಂದ್ಕೊಂಡಿದ್ವಿ."

ಹೋಗಲೇಬೇಕಂದ್ರೆ ಕೂರೋ ಮುಂಚೆ ಎಕ್ಸಾಸ್ಟ್ ತಿರುಗ್ತಿದೆಯಾ, ಇನ್ನೊಂದು ಮೆಟ್ಟಿಲು ಇದೆಯಾ, ಅದಕ್ಕೆ ಬೀಗ ಹಾಕಿದ್ದಾರಾ ನೋಡಿ. ಇದ್ದಿಲ ಒಲೆ ಬೇಡ, ಅಡುಗೆಮನೆಯಲ್ಲೇ ಸುಟ್ಟು ತನ್ನಿ ಅನ್ನಿ. ಒಂದೇ ಮೇಜಿನಲ್ಲಿ ಇಬ್ಬರಿಗೆ, ಅದರಲ್ಲೂ ಕುಡಿಯದವನಿಗೆ ತಲೆ ನೋವು ಶುರುವಾದ್ರೆ ಆಚೆ ಬಂದು 108ಕ್ಕೆ ಫೋನ್ ಮಾಡಿ, ಇದ್ದಿಲ ವಿಷಯ ಮೊದಲೇ ಹೇಳಿ. ಮಹಾನಗರ ಪಾಲಿಕೆಗೂ ಅಗ್ನಿಶಾಮಕ ಠಾಣೆಗೂ ನಾವು ಬರೆದುಕೊಟ್ಟಿದ್ದೀವಿ. ನಿಮಗೂ ಹೀಗೆ ಆಗಿದ್ರೆ ಬಿಲ್ ಇಟ್ಕೊಂಡು ಬೇರೆಯಾಗಿ ದೂರು ಕೊಡಿ.